ಘಾನಾದಿಂದ ಬಂದ ಬಟ್ಟೆ ಗೃಹಪ್ರವೇಶಕ್ಕೆ ಆಗುತ್ತಾ?

ಪ್ರಶ್ನೆ: ನನ್ನ ತಮ್ಮ ಅಕ್ರಾದಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ಕಂದು ಬಣ್ಣದ ದೊಡ್ಡ ಬಟ್ಟೆ ತಂದುಕೊಟ್ಟ. ಮೈತುಂಬಾ ಕಪ್ಪು ಅಚ್ಚು: ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿ, ಸುರುಳಿ ಕೊಂಬು, ಒಂದು ಏಣಿ. ಗೃಹಪ್ರವೇಶಕ್ಕೆ ಹಾಲ್‌ನ ಗೋಡೆಗೆ ಹಾಕೋಣ ಅಂತಿದ್ದೆ. ಅದು ಸಾವಿನ ಮನೆ ಬಟ್ಟೆ ಅಂತ ಯಾರೋ ಹೇಳಿದರು. ನಿಜವಾ? ಒಗೆಯಬಹುದಾ? – ದಾವಣಗೆರೆಯ ಓದುಗರು

ಉತ್ತರ: ಹೇಳಿದವರು ಸುಳ್ಳೇನೂ ಹೇಳಿಲ್ಲ ಮೇಡಂ. ನಿಮ್ಮ ಹತ್ತಿರ ಇರುವುದು ಅಡಿಂಕ್ರಾ. ಘಾನಾದ ಅಸಾಂಟೆ ಜನ ಸಾವಿನ ಮನೆಗೆ ಹೋಗುವಾಗ ಹೊದೆಯುತ್ತಿದ್ದ ಬಟ್ಟೆ ಅದು. ಕಂದು, ಕಡುಗೆಂಪು, ಕಪ್ಪು ಬಣ್ಣದ್ದಾದರೆ ಈಗಲೂ ಶೋಕದ್ದೇ. ಅದೇ ಅಚ್ಚು ಬಿಳಿ ಬಟ್ಟೆ ಮೇಲೆ ಬಿದ್ದರೆ ಸಂತೋಷದ ಸಮಾರಂಭಕ್ಕೆ ನಡೆಯುತ್ತದೆ. ಹಾಗಾಗಿ ಚಿಹ್ನೆ ನೋಡುವ ಮೊದಲು ಬಣ್ಣ ನೋಡಬೇಕು.

ಇನ್ನು ಚಿಹ್ನೆಗಳು. ಹಕ್ಕಿಯ ಹೆಸರು ಸಂಕೋಫಾ. ಅವರ ಭಾಷೆಯಲ್ಲಿ ಸಾನ್ ಅಂದರೆ ಹಿಂತಿರುಗು, ಕೋ ಅಂದರೆ ಹೋಗು, ಫಾ ಅಂದರೆ ತೆಗೆದುಕೋ. ಮರೆತು ಬಿಟ್ಟು ಬಂದದ್ದನ್ನು ವಾಪಸ್ ಹೋಗಿ ತಂದರೆ ತಪ್ಪಿಲ್ಲ ಅನ್ನೋ ಗಾದೆ ಇದರ ಹಿಂದಿದೆ. ಸುರುಳಿ ಕೊಂಬು ದ್ವೆನ್ನಿಮ್ಮೆನ್, ಟಗರಿನ ಕೊಂಬು. ಎರಡು ಟಗರು ತಲೆಗೆ ತಲೆ ಕೊಟ್ಟು ನಿಂತದ್ದನ್ನು ಮೇಲಿನಿಂದ ನೋಡಿದ ಹಾಗಿದೆ, ನಿಮ್ಮ ಕಡೆ ಟಗರು ಕಾಳಗ ನೋಡಿದವರಿಗೆ ಥಟ್ಟನೆ ಗೊತ್ತಾಗುತ್ತದೆ. ಬಲ ಇದ್ದರೂ ವಿನಯ ಬೇಕು ಅಂತ ಅರ್ಥ. ಏಣಿ ಮಾತ್ರ ನೇರವಾಗಿ ಸಾವಿನದ್ದೇ. ಸಾವಿನ ಏಣಿಯನ್ನು ಒಬ್ಬನೇ ಹತ್ತುವುದಿಲ್ಲ, ಎಲ್ಲರೂ ಹತ್ತಲೇಬೇಕು ಅನ್ನುತ್ತಾರೆ. ಇಂಟರ್‌ನೆಟ್ಟಿನ ಪಟ್ಟಿಗಳಲ್ಲಿ ಒಂದು ಚಿತ್ರ, ಒಂದು ಪದ ಅಂತ ಹಾಕಿರ್ತಾರೆ ನೋಡಿ, ಅದು ನನಗೆ ಸರಿ ಕಾಣುವುದಿಲ್ಲ, ಯಾಕಂದರೆ ಒಂದೊಂದು ಚಿಹ್ನೆಯ ಹಿಂದೆಯೂ ಒಂದು ಗಾದೆಯೋ ಕಥೆಯೋ ಇರುತ್ತದೆ.

ಅರ್ಥ ಬದಲಾಗುವುದೂ ಉಂಟು. ಅಲ್ಲಿಯ ಇನ್ನೊಂದು ಬಟ್ಟೆ ಕೆಂಟೆ, ಅದನ್ನು ಕಿರಿದಾದ ಪಟ್ಟಿಗಳಾಗಿ ನೇಯ್ದು ಜೋಡಿಸಿ ಹೊಲಿಯುತ್ತಾರೆ. ಅದರ ಒಂದು ವಿನ್ಯಾಸಕ್ಕೆ ‘ಫಾತಿಯಾ ಎನ್‌ಕ್ರುಮಾಗೆ ತಕ್ಕವಳು’ ಅಂತ ಹೆಸರಿತ್ತು. ಫಾತಿಯಾ ಘಾನಾದ ಆಗಿನ ಅಧ್ಯಕ್ಷ ಎನ್‌ಕ್ರುಮಾ ಅವರ ಹೆಂಡತಿ. 1966ರಲ್ಲಿ ಸೈನ್ಯ ಅವರನ್ನು ಅಧಿಕಾರದಿಂದ ಇಳಿಸಿತು ನೋಡಿ, ಅದೇ ವಿನ್ಯಾಸದ ಹೆಸರು ‘ಒಬ್ಬನೇ ದೇಶ ಆಳುವುದಿಲ್ಲ’ ಅಂತಾಯಿತು! ಒಂದು ಎಳೆ ನೂಲೂ ಬದಲಾಗಲಿಲ್ಲ.

ಅಡಿಂಕ್ರಾ ಅನ್ನೋ ಹೆಸರಿಗೂ ಒಂದು ಕಥೆ ಇದೆ. ಗ್ಯಾಮಾನ್ ರಾಜ್ಯದ ಅರಸ ಅಡಿಂಕ್ರಾ 1818ರಲ್ಲಿ ಅಸಾಂಟೆಯವರಿಗೆ ಸೋತ, ಆಗ ಈ ಕಲೆ ಅವರ ಕೈಗೆ ಬಂತು ಅಂತಾರೆ. ಆದರೆ ಬೌಡಿಚ್ ಎಂಬ ಇಂಗ್ಲಿಷಿನವರು 1817ರಲ್ಲೇ ಅಸಾಂಟೆಯವರ ರಾಜಧಾನಿ ಕುಮಾಸಿಯಿಂದ ಇಂಥ ಬಟ್ಟೆ ಒಯ್ದಿದ್ದಾರೆ, ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯುದ್ಧಕ್ಕೆ ಮುಂಚೆಯೇ ಬಟ್ಟೆ ಇತ್ತು ಅಂತಾಯಿತು ಅಲ್ವಾ?

ಈಗ ಒಗೆಯುವ ವಿಷಯ. ಮೊದಲು ಅಚ್ಚುಗಳನ್ನು ಹತ್ತಿರದಿಂದ ನೋಡಿ. ಕುಮಾಸಿ ಹತ್ತಿರದ ಎನ್‌ಟೊನ್ಸೊ ಊರಿನಲ್ಲಿ ಬಡಿಯೆ ಎಂಬ ಮರದ ತೊಗಟೆಯನ್ನು ನೆನೆಸಿ, ಕುಟ್ಟಿ, ಗಟ್ಟಿಯಾಗುವ ತನಕ ಕುದಿಸಿ ಕಪ್ಪು ಬಣ್ಣ ಮಾಡುತ್ತಾರೆ. ಅಚ್ಚು ಕೆತ್ತುವುದು ಒಣಗಿದ ಸೋರೆಬುರುಡೆಯ ಚೂರಿನಲ್ಲಿ. ಬುರುಡೆ ಉಬ್ಬಿರುತ್ತದಲ್ಲ, ಒಂದೇ ಸಲ ಒತ್ತಿದರೆ ಪೂರ್ತಿ ಮೂಡುವುದಿಲ್ಲ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತೂಗಿಸಿ ಒತ್ತಬೇಕು. ಅದಕ್ಕೇ ಕೈಯಚ್ಚಿನಲ್ಲಿ ಒಂದು ಹಕ್ಕಿ ಕಪ್ಪಗಿದ್ದರೆ ಪಕ್ಕದ್ದು ಸ್ವಲ್ಪ ಮಾಸಲು. ಎಲ್ಲವೂ ಅಚ್ಚುಕಟ್ಟಾಗಿ ಒಂದೇ ಥರ ಇದ್ದರೆ ಬಹುಶಃ ಫ್ಯಾಕ್ಟರಿ ಮಾಲು. ಕೈಯಚ್ಚಾದರೆ ನೀರಿಗೆ ಹಾಕಲೇಬೇಡಿ, ತೊಗಟೆ ಬಣ್ಣ ಬಿಡುತ್ತದೆ, ಅಲ್ಲಿಯವರೂ ಅದನ್ನು ಒಗೆಯುತ್ತಿರಲಿಲ್ಲ. ಅನುಮಾನ ಇದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಮೆಲ್ಲಗೆ ಒರೆಸಿ, ಕಪ್ಪು ಹತ್ತಿದರೆ ಅಲ್ಲಿಗೇ ಬಿಡಿ. ನೆರಳಲ್ಲಿ ಗಾಳಿಗೆ ಹರವಿದರೆ ಸಾಕು.

ಗೃಹಪ್ರವೇಶದ ದಿನ ಹಾಕಬೇಕಾ ಅಂದರೆ, ನಾನಾದರೆ ಹಾಕುತ್ತಿರಲಿಲ್ಲ. ಅಪಶಕುನ ಅಂತಲ್ಲ. ತಮ್ಮನ ಘಾನಾ ಸ್ನೇಹಿತರು ಯಾರಾದರೂ ಬಂದರೆ, ಮನೇಲಿ ಯಾರು ಹೋದರು ಅಂತ ಕೇಳಿಯಾರು! ಆಮೇಲೆ ಓದುವ ಕೋಣೆಗೆ ಹಾಕಿಕೊಳ್ಳಿ, ಬಿಸಿಲು ಬೀಳದ ಗೋಡೆಗೆ. ಹಾಲ್‌ಗೆ ಬೇಕೇ ಬೇಕು ಅಂದರೆ ಎಬಾನ್ ಅಚ್ಚಿರುವ ಬಿಳಿ ಬಟ್ಟೆ ತರಲು ತಮ್ಮನಿಗೆ ಹೇಳಿ. ಎಬಾನ್ ಅಂದರೆ ಬೇಲಿ, ಮನೆಯನ್ನು ಕಾಯುವಂಥದ್ದು.