ಸುದ್ದಿಮನೆಯಲ್ಲಿ ಮೊದಲ ಬೇಸಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆಯಲ್ಲಿ ಸಣ್ಣ ಊರಿನ ಪತ್ರಿಕೆಗೆ ಇಂಟರ್ನ್ ಆಗಿ ಸೇರಿದವರು, ಸೇರಲು ಹೊರಟವರು ಕಳಿಸಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ವರದಿ ಬರೆಯುವುದನ್ನು ತರಗತಿಯಲ್ಲಿ ಕಲಿತಿದ್ದೇವೆ. ಆದರೆ ಕಚೇರಿಯಲ್ಲಿ ದಿನ ಹೇಗೆ ಸಾಗುತ್ತದೆಂದು ಯಾರೂ ಹೇಳಿಲ್ಲ. ಎಷ್ಟು ಹೊತ್ತಿಗೆ ಹೋಗಬೇಕು, ಏನು ಮಾಡಬೇಕು?

ಉತ್ತರ: ಮೊದಲ ದಿನವೇ ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಕೊನೆಯ ಪುಟ ಪ್ರೆಸ್ಸಿಗೆ ಹೋಗುವುದು ಎಷ್ಟು ಗಂಟೆಗೆ? ಉಳಿದ ಕೆಲಸಗಳ ಹೊತ್ತನ್ನೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ರಾತ್ರಿ 11ಕ್ಕೆ ಪುಟ ಬಿಡುವುದಾದರೆ ಪ್ರೂಫ್ (ತಪ್ಪು ನೋಡಲು ತೆಗೆದ ಪುಟದ ಪ್ರತಿ) ಓದಲು ಅರ್ಧ ಗಂಟೆ, ಪುಟ ಕಟ್ಟಲು ಒಂದು ಗಂಟೆ, ಕಾಪಿ (ವರದಿಗಾರರು ಬರೆದುಕೊಟ್ಟ ಸುದ್ದಿ) ತಿದ್ದಲು ಒಂದು ಗಂಟೆ ಕಳೆಯಿರಿ. ನಿಮ್ಮ ಸುದ್ದಿ 8.30ಕ್ಕೆ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದಿ ಪುಟಕ್ಕೆ ಕಳಿಸುವವರ ಬಳಿ, ಇರಬೇಕು. ಒಳಪುಟದ್ದಾದರೆ ಇನ್ನೂ ಬೇಗ, ಏಕೆಂದರೆ ಒಳಪುಟಗಳು ಮೊದಲು ಮುಗಿಯುತ್ತವೆ, ಮುಖಪುಟ ಕೊನೆಗೆ.

ಬೆಳಿಗ್ಗೆ ಕಚೇರಿಗೆ ಹೋಗುವ ಮುನ್ನ ಅಂದಿನ ನಿಮ್ಮ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿರಬೇಕು, ಜಾಹೀರಾತುಗಳನ್ನೂ ಸಾರ್ವಜನಿಕ ಪ್ರಕಟಣೆಗಳನ್ನೂ ಬಿಡದೆ. ಹರಾಜು, ಟೆಂಡರು, ರಸ್ತೆ ಬಂದ್ ಸೂಚನೆಗಳಲ್ಲಿ ಮುಂದಿನ ವಾರದ ಸುದ್ದಿ ಅಡಗಿರುತ್ತದೆ. ಆಮೇಲೆ ಪೊಲೀಸ್ ಠಾಣೆ, ಅಗ್ನಿಶಾಮಕ ದಳ, ಆಸ್ಪತ್ರೆಗೆ ಫೋನು ಮಾಡುವ ಸರದಿ. ‘ಏನಾದರೂ ಇದೆಯಾ’ ಎಂದು ಕೇಳಿದರೆ ‘ಏನಿಲ್ಲ’ ಎಂಬ ಉತ್ತರವೇ ಬರುತ್ತದೆ. ‘ರಾತ್ರಿ ವಾಹನ ಎಷ್ಟು ಸಲ ಹೊರಗೆ ಹೋಯಿತು, ಎಲ್ಲಿಗೆ’ ಎಂದು ಕೇಳಿ. ಸಂಪಾದಕರ ಬೆಳಗಿನ ಸಭೆಗೆ ಎರಡು ಮೂರು ಸುದ್ದಿ ಆಲೋಚನೆಗಳನ್ನು ತಲಾ ಒಂದೇ ವಾಕ್ಯದಲ್ಲಿ ಬರೆದುಕೊಂಡು ಹೋಗಿ. ಹಗಲು ತಿರುಗಾಟಕ್ಕೆ, ಸಂಜೆ ಬರವಣಿಗೆಗೆ. ವಾರಪತ್ರಿಕೆಯಾದರೆ ಈ ಒತ್ತಡವೆಲ್ಲ ಮುದ್ರಣದ ಹಿಂದಿನ ದಿನದ ಮೇಲೆ ಬೀಳುತ್ತದೆ. ಆ ದಿನ ಬೇರಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಎರಡು ವಾರದಿಂದ ನಿಧನ ವಾರ್ತೆ ಮತ್ತು ‘ಇಂದಿನ ಕಾರ್ಯಕ್ರಮ’ ಮಾತ್ರ ಕೊಡುತ್ತಿದ್ದಾರೆ. ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನಿಸುತ್ತಿದೆ.

ಉತ್ತರ: ಆ ಎರಡು ಅಂಕಣಗಳು ಸಣ್ಣ ಊರಿನ ಪತ್ರಿಕೆಯ ಜೀವ. ನಿಧನ ವಾರ್ತೆಯನ್ನು ಜನ ಕತ್ತರಿಸಿ ಫೈಲಿನಲ್ಲೋ ಗ್ರಂಥದ ನಡುವೆಯೋ ವರ್ಷಗಟ್ಟಲೆ ಇಡುತ್ತಾರೆ. ಅದರಲ್ಲಿ ಒಂದು ಅಕ್ಷರ ತಪ್ಪಿದರೂ ಆ ತಪ್ಪು ಆ ಮನೆಯಲ್ಲೇ ಉಳಿಯುತ್ತದೆ. ಈ ಕೆಲಸವನ್ನು ನಂಬಿಕೆಯಿಲ್ಲದವರಿಗೆ ಯಾರೂ ಕೊಡುವುದಿಲ್ಲ.

ಒಂದೇ ಫೋನನ್ನು ನಂಬಿ ನಿಧನ ವಾರ್ತೆ ಬರೆಯಬೇಡಿ. ದ್ವೇಷಕ್ಕೋ ತಮಾಷೆಗೋ ಬದುಕಿರುವವರ ಸಾವಿನ ಸುದ್ದಿ ಕೊಡುವವರಿದ್ದಾರೆ. ಕರೆ ಬಂದ ನಂಬರಿಗೇ ಮರಳಿ ಮಾಡಿದರೆ ಅದು ಖಾತ್ರಿಯಾಗುವುದಿಲ್ಲ. ನೀವೇ ಹುಡುಕಿದ ಬೇರೆ ನಂಬರಿನಲ್ಲಿ ಕುಟುಂಬದ ಇನ್ನೊಬ್ಬರನ್ನೋ ಅಂತ್ಯಕ್ರಿಯೆಯ ಹೊಣೆ ಹೊತ್ತವರನ್ನೋ ಕೇಳಿ. ವಯಸ್ಸನ್ನು ಕೇಳುವುದಕ್ಕಿಂತ ಹುಟ್ಟಿದ ದಿನಾಂಕ ಕೇಳಿ ನೀವೇ ಲೆಕ್ಕ ಹಾಕಿ. 1948ರ ನವೆಂಬರಿನಲ್ಲಿ ಹುಟ್ಟಿ 2024ರ ಮೇ ತಿಂಗಳಲ್ಲಿ ತೀರಿಕೊಂಡವರಿಗೆ 75 ವರ್ಷ. ಇಸವಿಯಿಂದ ಇಸವಿಯನ್ನು ಕಳೆದು 76 ಎಂದು ಬರೆಯುವುದು ಹೊಸಬರ ಮಾಮೂಲು ತಪ್ಪು. ಅಗಲಿದವರ ಕುಟುಂಬದವರ ಹೆಸರುಗಳನ್ನು ಬರೆದುಕೊಂಡ ಮೇಲೆ ‘ಯಾರಾದರೂ ಬಿಟ್ಟುಹೋದರಾ’ ಎಂದು ಕೇಳಲೇಬೇಕು. ದುಃಖದಲ್ಲಿರುವವರು ಒಬ್ಬ ಮಗಳನ್ನೇ ಮರೆತಿರುತ್ತಾರೆ.

ಹೆಸರನ್ನು ಕಿವಿಯಿಂದ ಕೇಳಿ ಬರೆಯುವುದೂ ಅಪಾಯ. ಸುಧಾ ಫೋನಿನಲ್ಲಿ ಸುದಾ ಆಗುತ್ತದೆ, ಶ ಎಲ್ಲಿ ಷ ಎಲ್ಲಿ ತಿಳಿಯುವುದಿಲ್ಲ. ಗಣೇಶ ಮತ್ತು ಗಣೇಶ್ ಇಬ್ಬರೂ ಒಂದೇ ಬೀದಿಯಲ್ಲಿರಬಹುದು. ಅಕ್ಷರ ಬಿಡಿಸಿ ಹೇಳಿಸಿಕೊಳ್ಳಿ, ಬರೆದದ್ದನ್ನು ಓದಿ ಹೇಳಿ, ಇನಿಶಿಯಲ್ ಕೇಳಿ. ಕಾರ್ಯಕ್ರಮ ಪಟ್ಟಿಯಲ್ಲಿ ವಾರ ಮತ್ತು ದಿನಾಂಕ ಹೊಂದುತ್ತವೆಯೇ ಎಂದು ಕ್ಯಾಲೆಂಡರ್ ತೆರೆದು ನೋಡಿ. ಆಹ್ವಾನ ಪತ್ರಿಕೆಯಲ್ಲೇ ‘ಭಾನುವಾರ, 14’ ಎಂದು ಇರುತ್ತದೆ, 14 ಸೋಮವಾರ ಆಗಿರುತ್ತದೆ.

ಪ್ರಶ್ನೆ: ಪುರಸಭೆಯ ಸಭೆಗೆ ಕಳಿಸಿದರು. ನಾಲ್ಕು ಗಂಟೆ ನಡೆಯಿತು. ಹದಿನೈದು ಪುಟ ಟಿಪ್ಪಣಿ ಮಾಡಿಕೊಂಡೆ, ಆದರೂ ಏನು ಬರೆಯಬೇಕೆಂದೇ ತೋಚಲಿಲ್ಲ. ಎಡವಿದ್ದು ಎಲ್ಲಿ?

ಉತ್ತರ: ಸಭೆಗೆ ಮುಂಚಿನ ಕೆಲಸ ಆಗಿಲ್ಲ. ಸಭೆಯ ವರದಿ ಅರ್ಧದಷ್ಟು ಸಭೆ ಶುರುವಾಗುವ ಮೊದಲೇ ತಯಾರಾಗಿರಬೇಕು.

ಹಿಂದಿನ ದಿನ ಕಾರ್ಯಸೂಚಿ ತರಿಸಿಕೊಂಡು ಒಂದೊಂದು ವಿಷಯದ ಪಕ್ಕದಲ್ಲೂ ‘ಇದರಿಂದ ಯಾರಿಗೆ ಏನಾಗುತ್ತದೆ’ ಎಂದು ಬರೆಯಿರಿ. ಇಪ್ಪತ್ತು ವಿಷಯಗಳಲ್ಲಿ ಹದಿನೈದಕ್ಕೆ ಉತ್ತರವೇ ಹೊಳೆಯುವುದಿಲ್ಲ. ಉಳಿದ ಐದು ನಿಮ್ಮ ಸುದ್ದಿ. ಅವಕ್ಕೆ ಕಳೆದ ಬಾರಿ ಏನಾಯಿತು, ಎಷ್ಟು ಹಣ, ಯಾರು ವಿರೋಧಿಸಿದ್ದರು ಎಂಬುದನ್ನು ಹಳೆಯ ಸಂಚಿಕೆಗಳಲ್ಲಿ ಹುಡುಕಿ ಎರಡು ಪ್ಯಾರಾ ಹಿನ್ನೆಲೆ ಬರೆದಿಡಿ.

ಅರ್ಧ ಗಂಟೆ ಮೊದಲೇ ಹೋಗಿ. ಮೇಜಿನ ಚಿತ್ರ ಬಿಡಿಸಿ, ಯಾರು ಎಲ್ಲಿ ಕೂತಿದ್ದಾರೆಂದು ಹೆಸರಿನೊಂದಿಗೆ ಗುರುತು ಮಾಡಿ. ಮೂರು ಜನ ಒಟ್ಟಿಗೆ ಮಾತಾಡತೊಡಗಿದಾಗ ಆ ಚಿತ್ರವೇ ನಿಮ್ಮನ್ನು ಕಾಪಾಡುತ್ತದೆ: ಹೆಸರಿನ ಬದಲು ‘ಎಡ 3’ ಎಂದು ಬರೆದರೆ ಸಾಕು. ಎಲ್ಲ ಮಾತನ್ನೂ ಬರೆದುಕೊಳ್ಳಬೇಡಿ. ಠರಾವಿನ ಪದಗಳು, ಮತಗಳ ಎಣಿಕೆ, ಮೊತ್ತ, ದಿನಾಂಕ, ಮತ್ತು ಹಾಗೆಯೇ ಉದ್ಧರಿಸಬೇಕಾದ ನಾಲ್ಕೈದು ಮಾತು ಇದ್ದರೆ ಆಯಿತು. ಉದ್ಧರಣೆಯ ಪದ ಸ್ವಲ್ಪ ತಪ್ಪಿಹೋಗಿದ್ದರೆ ಉದ್ಧರಣ ಚಿಹ್ನೆ ತೆಗೆದು ಸಾರಾಂಶ ಬರೆಯಿರಿ. ಅಂದಾಜಿನ ಮಾತನ್ನು ಚಿಹ್ನೆಯೊಳಗೆ ಹಾಕುವ ಹಕ್ಕು ಯಾರಿಗೂ ಇಲ್ಲ.

ಅಂಕಿಯಲ್ಲಿ ಹೆಚ್ಚಿನವರು ಬೀಳುವ ಗುಂಡಿ ಶೇಕಡಾವಾರಿನದು. ತೆರಿಗೆ ದರ ಶೇ 4ರಿಂದ 5ಕ್ಕೆ ಏರಿದರೆ ಏರಿಕೆ ‘ಶೇ 1’ ಅಲ್ಲ. ಅದು ಒಂದು ಶೇಕಡಾ ಅಂಶದ ಏರಿಕೆ. ತೆರಿಗೆ ಕಟ್ಟುವವರ ಪಾಲಿಗೆ ಹೊರೆ ಶೇ 25ರಷ್ಟು ಹೆಚ್ಚಾಯಿತು. ಈ ವ್ಯತ್ಯಾಸ ತಪ್ಪಿದರೆ ಇಡೀ ವರದಿ ಸುಳ್ಳಾಗುತ್ತದೆ. ಹಾಗೆಯೇ ‘ಮಂಜೂರಾತಿ’, ‘ಅಂದಾಜು’, ‘ಬಿಡುಗಡೆ’, ‘ಖರ್ಚು’ ನಾಲ್ಕೂ ಬೇರೆ ಬೇರೆ. ಮಂಜೂರಾದ ಹಣ ಖರ್ಚಾಗಿದೆ ಎಂದು ಬರೆದರೆ ಮರುದಿನ ಫೋನು ಖಂಡಿತ.

ಸಭೆ ಮುಗಿದ ಕೂಡಲೇ ಹೊರಗೆ ಓಡಬೇಡಿ. ಕಾರ್ಯದರ್ಶಿಯ ಬಳಿ ಹೋಗಿ ಮತ ಎಣಿಕೆ ಮತ್ತು ಹೆಸರುಗಳನ್ನು ತಾಳೆ ನೋಡಿ. ಆ ಐದು ನಿಮಿಷ ತಪ್ಪಿಸಿದರೆ ರಾತ್ರಿ ಯಾರೂ ಸಿಗುವುದಿಲ್ಲ. ಆಮೇಲೆ ನೋಟ್‌ಬುಕ್ ಮುಚ್ಚಿ, ಏನಾಯಿತು ಎಂದು ಸ್ನೇಹಿತರೊಬ್ಬರಿಗೆ ಹೇಳುವಂತೆ ಒಂದು ವಾಕ್ಯ ಹೇಳಿಕೊಳ್ಳಿ. ಅದೇ ನಿಮ್ಮ ಇಂಟ್ರೋ, ಸುದ್ದಿಯ ಮೊದಲ ವಾಕ್ಯ. ‘ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ಸಾಮಾನ್ಯ ಸಭೆ ಜರುಗಿತು’ ಎಂಬುದು ಇಂಟ್ರೋ ಅಲ್ಲ. ‘ಪೂರ್ವ ಬಡಾವಣೆಗೆ ಜೂನ್‌ನಿಂದ ಎರಡು ದಿನಕ್ಕೊಮ್ಮೆ ನೀರು’ ಎಂಬುದು ಇಂಟ್ರೋ. ಕಾಲಾನುಕ್ರಮವನ್ನು ಮರೆತುಬಿಡಿ. ಮೂರನೇ ಗಂಟೆಯಲ್ಲಿ ನಡೆದದ್ದು ಮೊದಲ ಸಾಲಿಗೆ ಬರಬಹುದು.

ಪ್ರಶ್ನೆ: ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಸಾಲದೇ? ನೋಟ್‌ಬುಕ್ ಇನ್ನೂ ಏಕೆ?

ಉತ್ತರ: ಎರಡೂ ಬೇಕು. ಒಂದು ಗಂಟೆಯ ಮಾತನ್ನು ಕೇಳಿ ಪೂರ್ತಿ ಬರೆದಿಳಿಸಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ, ಸಂಜೆ ಅಷ್ಟು ಹೊತ್ತು ಇರುವುದಿಲ್ಲ. ಮುಖ್ಯ ಮಾತು ಬಂದಾಗ ರೆಕಾರ್ಡರಿನ ಸಮಯವನ್ನು ಅಂಚಿನಲ್ಲಿ ಬರೆಯಿರಿ, ಉದಾಹರಣೆಗೆ ‘42.10 ಪೈಪು’. ಆಮೇಲೆ ಆ ತುಂಡನ್ನಷ್ಟೇ ಕೇಳಬಹುದು. ರೆಕಾರ್ಡ್ ಮಾಡುವುದನ್ನು ಎದುರಿನವರಿಗೆ ಹೇಳಿಯೇ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ, ನಡುವೆ ಕರೆ ಬಂದರೆ ಕೆಲವು ಫೋನುಗಳಲ್ಲಿ ರೆಕಾರ್ಡಿಂಗ್ ನಿಂತುಬಿಡುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಚೆನ್ನಾಗಿ ಕಂಡ ನನ್ನ ಫೋಟೊ ಪತ್ರಿಕೆಯಲ್ಲಿ ಕಪ್ಪಾಗಿ, ಮಸುಕಾಗಿ ಬಂತು. ಪ್ರೆಸ್ಸಿನ ತಪ್ಪೇ?

ಉತ್ತರ: ಎರಡು ಬೇರೆ ಕಾರಣಗಳಿವೆ. ಮಸುಕಾದದ್ದು ಬಹುಶಃ ನೀವು ಮೆಸೇಜಿಂಗ್ ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದರಿಂದ. ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ. ಇಮೇಲಿನಲ್ಲಿ ಕಳಿಸಿ, ಇಲ್ಲವೇ ಆ್ಯಪ್‌ನಲ್ಲೇ ‘ಡಾಕ್ಯುಮೆಂಟ್’ ಆಗಿ ಲಗತ್ತಿಸಿ. ಪತ್ರಿಕೆಯ ಮುದ್ರಣಕ್ಕೆ ಇಂಚಿಗೆ 200 ಪಿಕ್ಸೆಲ್ ಇದ್ದರೆ ಸಾಕು. 15 ಸೆಂ.ಮೀ. ಅಗಲದ ಚಿತ್ರಕ್ಕೆ ಸುಮಾರು 1,180 ಪಿಕ್ಸೆಲ್ ಅಗಲ ಬೇಕು. ಬಂದ ಚಿತ್ರ 600 ಇದ್ದರೆ ಹಿಗ್ಗಿಸಿದರೂ ವಿವರ ಹುಟ್ಟುವುದಿಲ್ಲ.

ಕಪ್ಪಾದದ್ದು ಕಾಗದದಿಂದ. ನ್ಯೂಸ್‌ಪ್ರಿಂಟ್ ಶಾಯಿಯನ್ನು ಹೀರುತ್ತದೆ, ಶಾಯಿಯ ಚುಕ್ಕಿಗಳು ಹರಡಿ ದೊಡ್ಡದಾಗುತ್ತವೆ, ನೆರಳಿನ ಭಾಗವೆಲ್ಲ ಒಂದೇ ಕಪ್ಪಾಗಿ ಕೂಡಿಕೊಳ್ಳುತ್ತದೆ. ಆ ಕಾಗದವೂ ಬೂದು ಬಿಳಿ, ಪರದೆಯಂತೆ ಬೆಳಕು ಚೆಲ್ಲುವುದಿಲ್ಲ. ಆದ್ದರಿಂದ ಮಧ್ಯದ ಛಾಯೆಗಳನ್ನು ಪರದೆಯಲ್ಲಿ ತುಸು ಹೆಚ್ಚೇ ಅನಿಸುವಷ್ಟು ತಿಳಿಗೊಳಿಸಬೇಕು. ತೆಗೆಯುವಾಗ ಬೆಳಕು ಮುಖದ ಮೇಲಿರಲಿ, ಕಿಟಕಿ ಬೆನ್ನ ಹಿಂದೆ ಬೇಡ. ಆಟದ ಚಿತ್ರಕ್ಕೆ ಶಟರ್ ವೇಗ ಸೆಕೆಂಡಿನ 1/500 ಅಥವಾ ಅದಕ್ಕಿಂತ ಹೆಚ್ಚಿರಲಿ.

ಅಡಿಬರಹಕ್ಕೆ ಹೆಸರುಗಳನ್ನು ಸ್ಥಳದಲ್ಲೇ ಎಡದಿಂದ ಬಲಕ್ಕೆ ಬರೆದುಕೊಳ್ಳಿ. ಚಿತ್ರ ತೆಗೆದ ತಕ್ಷಣ ಅದೇ ಕ್ರಮದಲ್ಲಿ ಬರೆದ ಪುಟದ ಒಂದು ಫೋಟೊವನ್ನೂ ತೆಗೆದುಬಿಡಿ. ಸಂಜೆಗೆ ಯಾವ ಪಟ್ಟಿ ಯಾವ ಚಿತ್ರದ್ದು ಎಂಬ ಗೊಂದಲ ಇರುವುದಿಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದ ಕನ್ನಡ ಪುಟಕ್ಕೆ ಹೋದಾಗ ಒಡೆಯುತ್ತದೆ.

ಉತ್ತರ: ನೀವು ಟೈಪಿಸಿದ್ದು ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ. ಪುಟ ವಿನ್ಯಾಸಕರು ಬಳಸುತ್ತಿರುವುದು ಹಳೆಯ ಬಗೆಯ ಫಾಂಟ್ ಇರಬೇಕು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಮೂರು ಕಡೆ ಪೆಟ್ಟು ಬೀಳುತ್ತದೆ. ಅರ್ಕಾವೊತ್ತು ಯೂನಿಕೋಡಿನಲ್ಲಿ ವ್ಯಂಜನಕ್ಕಿಂತ ಮುಂಚೆ, ಹಳೆಯ ಫಾಂಟಿನಲ್ಲಿ ನಂತರ. ಹಾಗಾಗಿ ಅದು ಪಕ್ಕದ ಅಕ್ಷರಕ್ಕೆ ಜಿಗಿಯಬಹುದು. ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಚಿಹ್ನೆ ಕಳೆದುಹೋದರೆ ಪದ ಅಂಟಿಕೊಳ್ಳುತ್ತದೆ. ಇಮೇಲ್ ವಿಳಾಸ, ವೆಬ್ ವಿಳಾಸಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಪರಿವರ್ತನೆಯಾದ ಪ್ರೂಫ್‌ನಲ್ಲಿ ಈ ಮೂರನ್ನು ಬೆರಳಿಟ್ಟು ನೋಡಿ.

ಪ್ರಶ್ನೆ: 600 ಪದ ಬರೆದುಕೊಟ್ಟೆ, 150 ಪದ ಬಂತು. ಕೊನೆಯಲ್ಲಿದ್ದ ಒಳ್ಳೆಯ ಮಾತೇ ಹೋಯಿತು.

ಉತ್ತರ: ಪುಟದಲ್ಲಿ ಮೊದಲು ಕೂರುವುದು ಜಾಹೀರಾತು. ಉಳಿದ ಜಾಗಕ್ಕೆ ಸುದ್ದಿ. ಸಂಜೆ ಒಂದು ಜಾಹೀರಾತು ಹೆಚ್ಚಿಗೆ ಬಂದರೆ ಸುದ್ದಿಯೇ ಸರಿಯಬೇಕು, ಏಕೆಂದರೆ ಬೇಕೆಂದಾಗ ಒಂದು ಪುಟ ಸೇರಿಸಲಾಗದು: ಪೂರ್ಣ ಅಗಲದ ಒಂದು ಹಾಳೆ ಮಡಿಚಿದರೆ ನಾಲ್ಕು ಪುಟ, ಆದ್ದರಿಂದ ಪುಟಗಳು ಸಾಮಾನ್ಯವಾಗಿ ನಾಲ್ಕರ ಲೆಕ್ಕದಲ್ಲಿ ಹೆಚ್ಚುತ್ತವೆ. ಹೊತ್ತು ಮೀರಿದಾಗ ಕತ್ತರಿ ಬೀಳುವುದು ಬುಡಕ್ಕೆ. ಅಚ್ಚುಮೊಳೆಯ ಕಾಲದಿಂದಲೂ ಹೀಗೇ. ಒಳ್ಳೆಯ ಮಾತನ್ನು ಮೂರನೇ ಪ್ಯಾರಾಕ್ಕಿಂತ ಕೆಳಗೆ ಇಡಬೇಡಿ. ಬರೆಯುವ ಮೊದಲೇ ‘ಎಷ್ಟು ಪದ’ ಎಂದು ಡೆಸ್ಕನ್ನು ಕೇಳಿ. ಮರುದಿನ ನಿಮ್ಮ ಕಾಪಿಯನ್ನೂ ಅಚ್ಚಾದದ್ದನ್ನೂ ಪಕ್ಕಪಕ್ಕ ಇಟ್ಟು ಯಾವ ಪದ ಏಕೆ ಹೋಯಿತೆಂದು ನೋಡಿ. ಆ ಹತ್ತು ನಿಮಿಷದಷ್ಟು ಕಲಿಸುವ ಪಾಠ ಸುದ್ದಿಮನೆಯಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ನನ್ನ ವರದಿಯಲ್ಲಿ ಹೆಸರು ತಪ್ಪಾಗಿ ಅಚ್ಚಾಗಿದೆ. ಇನ್ನೂ ಯಾರೂ ಗಮನಿಸಿಲ್ಲ. ಹೇಳಬೇಕೇ?

ಉತ್ತರ: ಈಗಲೇ ಹೇಳಿ, ಸಂಪಾದಕರಿಗೆ, ನೇರವಾಗಿ. ಆ ಹೆಸರಿನವರು ಗಮನಿಸಿರುತ್ತಾರೆ, ನಿಮಗೆ ಫೋನು ಮಾಡಿಲ್ಲ ಅಷ್ಟೇ. ಹೇಳುವಾಗ ನಾಲ್ಕು ವಿವರ ಕೊಡಿ: ಯಾವ ದಿನ, ಯಾವ ಪುಟ, ಏನು ಅಚ್ಚಾಗಿದೆ, ಏನಿರಬೇಕಿತ್ತು. ತಪ್ಪು ನಿಮ್ಮ ಟಿಪ್ಪಣಿಯಲ್ಲೇ ಇತ್ತೋ, ಟೈಪಿಸುವಾಗ ಆಯಿತೋ, ಡೆಸ್ಕಿನಲ್ಲಿ ಆಯಿತೋ ಎಂದು ಹುಡುಕಿ, ಆದರೆ ಅದನ್ನು ನೆಪವಾಗಿ ಮುಂದಿಡಬೇಡಿ. ತಿದ್ದುಪಡಿ ಅಚ್ಚಾದರೆ ಮುಗಿಯಲಿಲ್ಲ. ವೆಬ್‌ಸೈಟಿನಲ್ಲೂ ಕಚೇರಿಯ ಹಳೆಯ ಸಂಗ್ರಹದಲ್ಲೂ ಸರಿಯಾಗಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಇನ್ನೊಬ್ಬ ಇಂಟರ್ನ್ ಅದೇ ತಪ್ಪನ್ನು ನಕಲು ಮಾಡುತ್ತಾರೆ.

ಪ್ರಶ್ನೆ: ಎಲ್ಲ ಹೇಳಿದ ಮೇಲೆ ‘ಇದನ್ನು ಬರೆಯಬೇಡಿ’ ಎನ್ನುತ್ತಾರೆ. ಅವರು ನಮ್ಮ ಮನೆಯವರಿಗೂ ಪರಿಚಿತರು.

ಉತ್ತರ: ಬರೆಯಬಾರದು ಎಂಬ ಒಪ್ಪಂದ ಮಾತಿಗೆ ಮೊದಲು ಆಗಬೇಕು, ಎರಡೂ ಕಡೆ ಒಪ್ಪಬೇಕು. ಹೇಳಿಯಾದ ಮೇಲೆ ಕೇಳಿದರೆ ನೀವು ಬದ್ಧರಲ್ಲ. ಇದು ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ ಸರಿಯಾದ ನಿಯಮ. ಪತ್ರಿಕೆಯೊಂದಿಗೆ ಮಾತಾಡಿ ಗೊತ್ತಿಲ್ಲದ ಸಾಮಾನ್ಯರಿಗೆ, ಆಘಾತದಲ್ಲಿರುವವರಿಗೆ, ಮಕ್ಕಳಿಗೆ ಅದನ್ನು ಹೇರಬೇಡಿ. ಅವರಿಗೆ ಮೊದಲೇ ‘ನೀವು ಹೇಳಿದ್ದು ಹೆಸರಿನೊಂದಿಗೆ ಅಚ್ಚಾಗುತ್ತದೆ’ ಎಂದು ತಿಳಿಸುವ ಹೊಣೆ ನಿಮ್ಮದು. ನೀವೇ ಯಾವ ಭರವಸೆಯನ್ನೂ ಕೊಡದೆ ‘ಸಂಪಾದಕರನ್ನು ಕೇಳಿ ಹೇಳುತ್ತೇನೆ’ ಎನ್ನಿ. ಪರಿಚಿತರ ಸುದ್ದಿಯಾದರೆ ಬರೆಯುವ ಮೊದಲೇ ಸಂಬಂಧವನ್ನು ಡೆಸ್ಕಿಗೆ ತಿಳಿಸಿ ಬೇರೆಯವರಿಗೆ ಬಿಟ್ಟುಕೊಡಿ.

ಪ್ರಶ್ನೆ: ಕೊನೆಯ ವಾರ ಏನೇನು ಮಾಡಿಕೊಂಡು ಹೊರಡಬೇಕು?

ಉತ್ತರ: ಅಚ್ಚಾದ ಪ್ರತಿ ವರದಿಯ ಇಡೀ ಪುಟದ ಪಿಡಿಎಫ್ ಕೇಳಿ ಪಡೆಯಿರಿ. ವೆಬ್ ಕೊಂಡಿಗಳು ಸೈಟು ಬದಲಾದಾಗ ಸಾಯುತ್ತವೆ, ಕತ್ತರಿಸಿಟ್ಟ ಹಾಳೆ ಹಳದಿಯಾಗುತ್ತದೆ. ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಪುಟ ಈ ಕ್ರಮದಲ್ಲಿರಲಿ, ಆಗ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಅರ್ಧಕ್ಕೆ ನಿಂತ ಸುದ್ದಿಗಳನ್ನು ಒಂದು ಹಾಳೆಯಲ್ಲಿ ಬರೆದು ಡೆಸ್ಕಿಗೆ ಕೊಡಿ: ವಿಷಯ, ಯಾರನ್ನು ಕೇಳಬೇಕು, ಮುಂದಿನ ದಿನಾಂಕ ಯಾವುದು. ನೋಟ್‌ಬುಕ್ಕುಗಳ ರಟ್ಟಿನ ಮೇಲೆ ಮೊದಲ ಮತ್ತು ಕೊನೆಯ ದಿನಾಂಕ ಬರೆದು, ಕಚೇರಿಯಲ್ಲಿ ಬಿಡಬೇಕೋ ಒಯ್ಯಬಹುದೋ ಎಂದು ಸಂಪಾದಕರನ್ನು ಕೇಳಿ. ಆಕ್ಷೇಪಣೆ, ನೋಟಿಸು ತಿಂಗಳುಗಳ ಮೇಲೂ ಬರಬಹುದು, ಆಗ ನಿಮ್ಮ ಬರಹಕ್ಕೆ ಆಧಾರವಾಗಿ ನಿಲ್ಲುವುದು ಆ ಪುಟಗಳು.