ಡೈರಿ ಸಾಕಾ, ಬ್ಲಾಗ್ ಬೇಕಾ?

ನೀವು ಕೇಳಿರುವುದು ಇಷ್ಟು: ಊರು ಶಿವಮೊಗ್ಗದ ಕಡೆ, ಮನೆಯಲ್ಲಿ ಅಡಿಕೆ ತೋಟ ಇದೆ, ಕೆಲಸ ಬೆಂಗಳೂರಲ್ಲಿ. ದಿನಾ ಡೈರಿ ಬರೆದರೂ ಕನ್ನಡ ಬರವಣಿಗೆ ಇದ್ದಲ್ಲೇ ಇದೆ. ಬ್ಲಾಗ್ ಶುರು ಮಾಡಿದರೆ ಸುಧಾರಿಸುತ್ತಾ?

ಸುಧಾರಿಸುತ್ತದೆ. ನಾನು ವರ್ಷಗಳಿಂದ ನಮ್ಮ ಹಾವೇರಿ ಜಿಲ್ಲೆಯ ಸಂತೆ, ಹೊಲ, ಅಡುಗೆ ಬಗ್ಗೆ ಬ್ಲಾಗ್ ಬರೆಯುತ್ತಿದ್ದೇನೆ. ನನಗೆ ಅದರಿಂದ ಸಿಕ್ಕ ದೊಡ್ಡ ಲಾಭ ಅಂದರೆ ತಿರುಗಿ ಪ್ರಶ್ನೆ ಕೇಳುವ ಓದುಗರು. ಡೈರಿ ಏನನ್ನೂ ಕೇಳುವುದಿಲ್ಲ. "ಸಂತೆಗೆ ಹೋಗಿದ್ದೆ, ಚೆನ್ನಾಗಿತ್ತು" ಅಂತ ಬರೆದರೆ ಸಾಕು, ಉಳಿದದ್ದು ನಿಮಗೇ ನೆನಪಿರುತ್ತದೆ. ಆ ಸಂತೆ ನೋಡೇ ಇಲ್ಲದವರಿಗೆ ಆ ಸಾಲಿನಿಂದ ಏನು ಸಿಕ್ಕೀತು?

ಉದಾಹರಣೆಗೆ, ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಬರೆಯಿರಿ ಅಂದರೆ ಬಹಳ ಜನ ಹೀಗೆ ಶುರು ಮಾಡುತ್ತಾರೆ: "ಬ್ಯಾಡಗಿ ಮೆಣಸಿನಕಾಯಿಯು ವಿಶ್ವವಿಖ್ಯಾತವಾಗಿದ್ದು, ಕನ್ನಡಿಗರ ಹೆಮ್ಮೆ ಎಂದರೆ ತಪ್ಪಾಗಲಾರದು." ಶಾಲೆಯ ಪ್ರಬಂಧಕ್ಕೆ ಇದು ಸರಿ, ಅಂಕ ಬರುತ್ತದೆ. ನಾನು ಈ ಕಾಯಿಯ ಬಗ್ಗೆ ಬರೆದಾಗ ಓದುಗರೊಬ್ಬರು ಕೇಳಿದ್ದು ಒಂದೇ ಮಾತು: "ಡಬ್ಬಿನೋ, ಕಡ್ಡಿನೋ?" ಎರಡೂ ಬ್ಯಾಡಗಿ ಕಾಯಿಯ ಬಗೆಗಳೇ. ಉತ್ತರ ಕೊಡಬೇಕಲ್ಲ, ಮತ್ತೆ ಮಾರುಕಟ್ಟೆಗೆ ಹೋಗಿ ಚೀಲದ ಪಕ್ಕ ಕೂತು ನೋಡಿದೆ. ಡಬ್ಬಿ ಗಿಡ್ಡ, ದಪ್ಪ, ಒಳಗೆ ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳ್ಳಗೆ, ಬೀಜ ಕಡಿಮೆ. ಸಿಪ್ಪೆ ಎರಡರದ್ದೂ ಸುಕ್ಕು. ಖಾರಕ್ಕಿಂತ ಬಣ್ಣ ಮುಂದು. ಆ ಬಣ್ಣಕ್ಕಾಗಿಯೇ ಓಲಿಯೋರೆಸಿನ್ ಅನ್ನುವ ಸತ್ವ ತೆಗೆದು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಆಮೇಲೆ ಬರೆದದ್ದು ಹೀಗಿತ್ತು: "ಒಣಗಿದ ಡಬ್ಬಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜ ಗಲಗಲ ಅನ್ನುತ್ತದೆ. ನಾಲ್ಕು ಕಾಯಿ ಹಾಕಿದರೆ ಸಾರು ಕೆಂಪಗಾಗುತ್ತದೆ, ಬಾಯಿ ಅಷ್ಟಾಗಿ ಉರಿಯುವುದಿಲ್ಲ." ಇದರಲ್ಲಿ ದೊಡ್ಡ ಪದವೂ ಇಲ್ಲ, ಹೊಗಳಿಕೆಯೂ ಇಲ್ಲ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕ ವಿಷಯ ಎಲ್ಲ ಲೇಖನದಲ್ಲೂ ಇರುತ್ತದೆ. ಚೀಲದ ಪಕ್ಕ ಕೂತವರಿಗೆ ಮಾತ್ರ ಗೊತ್ತಾಗುವುದನ್ನು ನೀವು ಬರೆಯಬೇಕು.

ಪಬ್ಲಿಶ್ ಒತ್ತುವ ಮೊದಲು ಒಂದು ರಾತ್ರಿ ಡ್ರಾಫ್ಟಿನಲ್ಲೇ ಇಡಿ. ಬೆಳಿಗ್ಗೆ ಗಟ್ಟಿಯಾಗಿ ಓದಿ. ಉಸಿರು ಸಾಲದೆ ಹೋದ ಕಡೆ ವಾಕ್ಯ ಮುರಿಯಿರಿ. "ಎಂಬುದರಲ್ಲಿ ಎರಡು ಮಾತಿಲ್ಲ" ಥರದ್ದು ಸಿಕ್ಕರೆ ಸುಮ್ನೆ ಅಳಿಸಿಬಿಡಿ. ಹಾಗೇ "ಲಾಗುತ್ತದೆ" ಅಂತ ಹುಡುಕಿ ನೋಡಿ. "ಕಾಯಿಗಳನ್ನು ಒಣಗಿಸಲಾಗುತ್ತದೆ" ಅಂದರೆ ಒಣಗಿಸುವವರು ಯಾರು? ಬಿಸಿಲಲ್ಲಿ ಕೂತು ಕಾಯಿ ಆರಿಸುವ ಹೆಂಗಸರು ಆ ವಾಕ್ಯದಲ್ಲಿ ಕಾಣುವುದೇ ಇಲ್ಲ. ಈ ವಿಷಯದಲ್ಲಿ ನನಗೆ ಹಟ ಜಾಸ್ತಿ. ಕೆಲಸ ಮಾಡಿದವರು ವಾಕ್ಯದಲ್ಲಿ ಇರಲೇಬೇಕು.

ಜಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ಲಾಗರ್, ವರ್ಡ್‌ಪ್ರೆಸ್ ಅನ್ನುವ ಎರಡು ತಾಣಗಳಲ್ಲೂ ಪುಕ್ಕಟೆ ಶುರು ಮಾಡಬಹುದು. ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರಿನಲ್ಲೂ ಒಂದೇ ಥರ ಓದಿಸಿಕೊಳ್ಳುವ ಅಕ್ಷರ ಪದ್ಧತಿಯಲ್ಲಿ. 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬರೆದು ಹಾಗೇ ಅಂಟಿಸಿದರೆ ಓದುವವರಿಗೆ ಕನ್ನಡ ಅಕ್ಷರವೇ ಕಾಣುವುದಿಲ್ಲ.

ಎಷ್ಟು ಜನ ಓದಿದರು ಅಂತ ಅಂಕಿ ನೋಡುತ್ತಾ ಕೂರುವುದು ಬೇಡ. ಮೊದಮೊದಲು ಯಾರೂ ಕಮೆಂಟ್ ಹಾಕುವುದಿಲ್ಲ. ಆಗ ಆ ವಿಷಯ ಗೊತ್ತಿಲ್ಲದ ಗೆಳೆಯರೊಬ್ಬರಿಗೆ ಲಿಂಕ್ ಕಳಿಸಿ, "ಎಲ್ಲಿ ಅರ್ಥ ಆಗಲಿಲ್ಲ?" ಅಂತ ಕೇಳಿ. "ಹೇಗಿದೆ?" ಅಂತ ಕೇಳಿದರೆ "ಸೂಪರ್" ಅಂತಾರೆ, ಅಲ್ಲಿಗೆ ಮುಗೀತು.

ಡೈರಿ ನಿಲ್ಲಿಸಬೇಡಿ, ಬ್ಲಾಗಿಗೆ ಬೇಕಾದ ಸರಕೆಲ್ಲ ಅದರಲ್ಲೇ ಇರುತ್ತದೆ. ಮೊದಲ ಬರಹಕ್ಕೆ ನಿಮ್ಮ ಮನೆಯ ಅಡಿಕೆ ಸುಲಿತವನ್ನೇ ತಗೊಳ್ಳಿ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಯಾರು ಯಾರು ಕೂರುತ್ತಾರೆ, ರಾತ್ರಿ ಏನು ಮಾತಾಡುತ್ತಾರೆ, ಅಡಿಕೆಯ ಚೊಗರು (ಒಗರು ರಸ) ಹಿಡಿದ ಬೆರಳಿನ ಬಣ್ಣ ಹೋಗಲು ಎಷ್ಟು ದಿನ ಬೇಕು, ಹಂಡೆಯಲ್ಲಿ ಅಡಿಕೆ ಬೆಂದಿದೆ ಅಂತ ಹೇಗೆ ಗೊತ್ತಾಗುತ್ತದೆ. ಬಯಲುಸೀಮೆಯ ನನಗೆ ಇದ್ಯಾವುದೂ ಸರಿಯಾಗಿ ಗೊತ್ತಿಲ್ಲ. ಬರೆದು ಲಿಂಕ್ ಹಾಕಿ, ಪ್ರಶ್ನೆ ಕೇಳಲು ನಾನಿದ್ದೇನೆ.