ತಿನ್ನೋ ಬಾಯಿ ಜಾಸ್ತಿ ಆದರೆ ಊಟ ಕಡಿಮೆ ಆಗುತ್ತಾ?

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರಿಸುತ್ತಾ "ಜನಸಂಖ್ಯೆ ಏರಿದ ಕಡೆಯೆಲ್ಲ ಹಸಿವೂ ಏರಲೇಬೇಕು ಅಂತೇನಿಲ್ಲ" ಎಂದು ಒಂದು ಸಾಲು ಬರೆದಿದ್ದೆ. ಉಳಿದ ಇಡೀ ಅಂಕಣಕ್ಕೆ ಬಂದ ಪತ್ರಗಳಿಗಿಂತ ಆ ಒಂದು ಸಾಲಿಗೆ ಬಂದವೇ ಜಾಸ್ತಿ. ಕೆಲವರು ಲೆಕ್ಕ ಬರೆದು ಕಳಿಸಿದ್ದಾರೆ, ಕೆಲವರು ಚೆನ್ನಾಗಿ ಬೈದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ಜಮೀನು ಬೆಳೆಯುವುದಿಲ್ಲ, ಜನ ಮಾತ್ರ ಬೆಳೆಯುತ್ತಾರೆ. ಒಂದಲ್ಲ ಒಂದು ದಿನ ಆಹಾರ ಸಾಲದೇ ಹೋಗುತ್ತದೆ. ಇಷ್ಟು ಸರಳ ಲೆಕ್ಕಕ್ಕೆ ಚರ್ಚೆ ಯಾಕೆ?

ಈ ಲೆಕ್ಕವನ್ನು ಥಾಮಸ್ ಮಾಲ್ತಸ್ ಎಂಬ ಇಂಗ್ಲಿಷ್ ಪಾದ್ರಿ 1798ರಲ್ಲೇ ಹಾಕಿದ್ದ. ಜನ ಒಂದು, ಎರಡು, ನಾಲ್ಕು, ಎಂಟು ಅಂತ ಹೆಚ್ಚುತ್ತಾರೆ, ಬೆಳೆ ಒಂದು, ಎರಡು, ಮೂರು ಅಂತಷ್ಟೇ ಹೆಚ್ಚುತ್ತದೆ, ಕೊನೆಗೆ ಬರವೋ ರೋಗವೋ ಬಂದು ಲೆಕ್ಕ ಸರಿಮಾಡುತ್ತದೆ ಅಂದ. ಆಗ ಭೂಮಿಯ ಮೇಲಿದ್ದವರು 100 ಕೋಟಿಗೂ ಕಡಿಮೆ. 2022ರ ನವೆಂಬರ್‌ನಲ್ಲಿ 800 ಕೋಟಿ ತಲುಪಿದೆವು. ಆದರೂ ಅವನ ಕಾಲಕ್ಕಿಂತ ಇವತ್ತು ತಲೆಗೆ ಸಿಗುವ ಆಹಾರ ಜಾಸ್ತಿಯೇ ಇದೆ.

ಅವನು ಎಡವಿದ್ದು ಎಲ್ಲಿ ಅಂದರೆ, ಅದೇ ಜಮೀನು ಹಲವು ಪಟ್ಟು ಕೊಡಬಹುದು ಅನ್ನುವುದನ್ನು ಅವನು ಊಹಿಸಿರಲಿಲ್ಲ. 1909ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಜ್ ಹೇಬರ್ ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ, ಅಂದರೆ ರಾಸಾಯನಿಕ ಗೊಬ್ಬರದ ಮೂಲವಸ್ತು, ತಯಾರಿಸಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ತಂದ. ಇವತ್ತು ಜಗತ್ತಿನ ಸುಮಾರು ಅರ್ಧ ಜನ ಉಣ್ಣುತ್ತಿರುವುದು ಆ ಗೊಬ್ಬರದ ಬಲದಿಂದ. ಆಮೇಲೆ ತೆನೆ ತುಂಬಿದರೂ ಬಾಗಿ ಬೀಳದ ಗಿಡ್ಡ ತಳಿಯ ಗೋಧಿ, ಭತ್ತ ಬಂದವು. ಗೋಧಿಯ ಕೆಲಸಕ್ಕೆ ಅಮೆರಿಕದ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್‌ಗೆ 1970ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟರು. ಭಾರತದ ಲೆಕ್ಕವನ್ನೇ ತೆಗೆದುಕೊಳ್ಳಿ: 1951ರಲ್ಲಿ 36 ಕೋಟಿ ಜನ, ಸುಮಾರು 5 ಕೋಟಿ ಟನ್ ಆಹಾರಧಾನ್ಯ. ಈಗ 140 ಕೋಟಿಗೂ ಮೇಲೆ ಜನ, ಧಾನ್ಯ 33 ಕೋಟಿ ಟನ್‌ಗೂ ಮೇಲೆ. ಜನ ನಾಲ್ಕು ಪಟ್ಟು, ಧಾನ್ಯ ಆರು ಪಟ್ಟಿಗೂ ಹೆಚ್ಚು.

ಆದರೆ ಮಾಲ್ತಸ್‌ನನ್ನು ನೋಡಿ ನಗುವವರೂ ಒಂದು ತಪ್ಪು ಮಾಡುತ್ತಾರೆ. ಇದೆಲ್ಲ ತಾನಾಗಿ ಆದದ್ದು ಅಂದುಕೊಳ್ಳುತ್ತಾರೆ. ಕಾಲುವೆ, ಗೊಬ್ಬರ, ಬೀಜ, ರಸ್ತೆ, ಗೋದಾಮು ಎಲ್ಲಕ್ಕೂ ಯಾರೋ ದುಡ್ಡು ಹಾಕಿದ್ದಾರೆ. ಆ ದುಡ್ಡು ಹುಟ್ಟದ ದೇಶದಲ್ಲಿ ಪಾದ್ರಿಯ ಲೆಕ್ಕ ಇವತ್ತಿಗೂ ಕಾಡುತ್ತದೆ.

ಪ್ರಶ್ನೆ: ಆಹಾರ ಅಷ್ಟೊಂದು ಇದ್ದರೆ ಇಷ್ಟು ಜನ ಹಸಿದುಕೊಂಡು ಯಾಕೆ ಮಲಗುತ್ತಾರೆ?

ಒಳ್ಳೆಯ ಪ್ರಶ್ನೆ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹಸಿವಿನಲ್ಲಿ ಬದುಕಿದವರು ಸುಮಾರು 67 ಕೋಟಿ. ಅಂದರೆ ನೂರಕ್ಕೆ ಎಂಟು ಜನ.

ಅಮರ್ತ್ಯ ಸೇನ್ ಇದಕ್ಕೆ ಕೊಟ್ಟ ಉತ್ತರವನ್ನು ನಾನು ಇನ್ನೂ ಮರೆತಿಲ್ಲ. 1943ರ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತರು. ಆಗ ಸೇನ್ ಹತ್ತರ ಆಸುಪಾಸಿನ ಹುಡುಗ, ಕಣ್ಣಾರೆ ಕಂಡವರು. ಮುಂದೆ ಅರ್ಥಶಾಸ್ತ್ರಜ್ಞರಾಗಿ ಹಳೇ ಲೆಕ್ಕ ತೆಗೆದು ನೋಡಿದರೆ, 1941ರಲ್ಲಿ ಇದ್ದುದಕ್ಕಿಂತ ಆ ವರ್ಷ ಧಾನ್ಯ ಕಡಿಮೆಯೇನೂ ಇರಲಿಲ್ಲ ಎಂದು ಅವರಿಗೆ ಕಂಡಿತು. ಯುದ್ಧದ ಖರ್ಚಿನಿಂದ ಬೆಲೆ ಏರಿತ್ತು. ಕೂಲಿಯವರು, ಮೀನುಗಾರರು, ಕ್ಷೌರಿಕರು, ಅಂದರೆ ದಿನಾ ದುಡಿದು ದಿನಾ ಅಕ್ಕಿ ಕೊಳ್ಳುವವರ ಸಂಪಾದನೆ ಏರಲಿಲ್ಲ. ಅಕ್ಕಿ ಇತ್ತು, ಕೊಳ್ಳೋಕೆ ಕಾಸಿರಲಿಲ್ಲ.

1974ರ ಬಾಂಗ್ಲಾದೇಶದ ಕ್ಷಾಮ ಇನ್ನೂ ವಿಚಿತ್ರ. ಹಿಂದಿನ ಮುಂದಿನ ವರ್ಷಗಳಿಗೆ ಹೋಲಿಸಿದರೆ ತಲೆಗೆ ಸಿಗುವ ಧಾನ್ಯ ಅಲ್ಲಿ ಜಾಸ್ತಿ ಇದ್ದದ್ದೇ ಆ ವರ್ಷ. ಆದರೆ ಪ್ರವಾಹ ಬಂದು ನಾಟಿ ಕೆಲಸ ನಿಂತಿತು, ಕೂಲಿ ನಿಂತಿತು. ಮುಂದೆ ಬೆಳೆ ಬರುವುದಿಲ್ಲ ಎಂಬ ಭಯಕ್ಕೆ ಬೆಲೆ ಏರಿತು. ಬೆಳೆ ಕೈಕೊಡುವ ಮೊದಲೇ ಜನ ಸತ್ತರು.

ಅದಕ್ಕೇ 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯಲ್ಲಿ ಆಹಾರ ಭದ್ರತೆಯನ್ನು ವಿವರಿಸುವಾಗ ಬರೀ ಉತ್ಪಾದನೆಯ ಮಾತಾಡಲಿಲ್ಲ. ಆಹಾರ ಇರಬೇಕು, ಕೈಗೆ ಸಿಗಬೇಕು, ತಿಂದದ್ದು ಮೈಗೆ ಹತ್ತಬೇಕು, ಮತ್ತು ಇದೆಲ್ಲ ವರ್ಷವಿಡೀ ಕೈಬಿಡದೆ ಇರಬೇಕು. ಮೈಗೆ ಹತ್ತುವುದು ಅಂದೆನಲ್ಲ, ಕೊಳಕು ನೀರು ಕುಡಿದು ಸದಾ ಭೇದಿಯಲ್ಲಿರುವ ಮಗುವಿಗೆ ಎಷ್ಟು ಉಣಿಸಿದರೂ ಅರ್ಧ ವ್ಯರ್ಥ.

ಪ್ರಶ್ನೆ: ಹಾಗಾದರೆ ಜನಸಂಖ್ಯೆ ಸಮಸ್ಯೆಯೇ ಅಲ್ಲ ಅಂತೀರಾ? ಸುಮ್ನೆ ಬಡವರ ಪರ ಮಾತಾಡಬೇಕು ಅಂತ ಮಾತಾಡಬೇಡಿ.

ಇಲ್ಲ ಸ್ವಾಮಿ, ಹಾಗೆ ಹೇಳುತ್ತಿಲ್ಲ. ಜನ ಎಷ್ಟಿದ್ದಾರೆ ಅನ್ನುವುದಕ್ಕಿಂತ ಎಷ್ಟು ಬೇಗ ಹೆಚ್ಚುತ್ತಿದ್ದಾರೆ ಅನ್ನುವುದು ನನಗೆ ದೊಡ್ಡ ಪ್ರಶ್ನೆ.

70ನ್ನು ಬೆಳವಣಿಗೆಯ ಶೇಕಡಾದಿಂದ ಭಾಗಿಸಿ. ಎಷ್ಟು ವರ್ಷಕ್ಕೆ ಜನಸಂಖ್ಯೆ ಎರಡರಷ್ಟಾಗುತ್ತೆ ಅಂತ ಹೆಚ್ಚುಕಡಿಮೆ ಸಿಗುತ್ತದೆ. ವರ್ಷಕ್ಕೆ ಶೇ. 1 ಇದ್ದರೆ 70 ವರ್ಷ. ಶೇ. 3 ಇದ್ದರೆ 23 ವರ್ಷ. ಅಂದರೆ ಒಂದು ತಲೆಮಾರು ಕಣ್ಣು ಬಿಡುವಷ್ಟರಲ್ಲಿ ಶಾಲೆ, ಆಸ್ಪತ್ರೆ, ಕೊಳವೆಬಾವಿ, ರಸ್ತೆ, ಧಾನ್ಯ ಎಲ್ಲ ಎರಡರಷ್ಟಾಗಬೇಕು. ಅದೂ ಇದ್ದಲ್ಲೇ ಇರೋಕೆ, ಮುಂದೆ ಹೋಗೋಕಲ್ಲ.

ಪಶ್ಚಿಮ ಆಫ್ರಿಕಾದ ನೈಜರ್ ದೇಶ ನೋಡಿ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಸುಮಾರು 35 ಲಕ್ಷ ಜನ. ಈಗ ಎರಡೂವರೆ ಕೋಟಿಗೂ ಮೇಲೆ. ದೇಶದ ಬಹುಭಾಗ ಸಹಾರಾ ಮರುಭೂಮಿ, ಬೇಸಾಯ ನಡೆಯುವುದು ದಕ್ಷಿಣದ ಒಂದು ಪಟ್ಟಿಯಲ್ಲಿ ಮಾತ್ರ. ಹಿಂದೆ ಅಲ್ಲಿಯ ರೈತರು ಕೆಲವು ವರ್ಷ ಬೆಳೆದು, ಕೆಲವು ವರ್ಷ ಹೊಲವನ್ನು ಬೀಳು ಬಿಡುತ್ತಿದ್ದರು, ಮಣ್ಣಿಗೆ ಸುಧಾರಿಸಿಕೊಳ್ಳಲು. ಮನೆಯಲ್ಲಿ ಬಾಯಿ ಹೆಚ್ಚಿದಾಗ ಮೊದಲು ಹೋದದ್ದು ಆ ಬಿಡುವು. ಬಿಡುವಿಲ್ಲದೆ ಉತ್ತರೆ ಮಣ್ಣು ಸೊರಗುತ್ತೆ, ಇಳುವರಿ ಇಳಿಯುತ್ತೆ. ಆಗ ಇನ್ನೂ ಉತ್ತರಕ್ಕೆ, ಮಳೆ ಇನ್ನೂ ಕಡಿಮೆ ಇರುವ ಕಡೆಗೆ ನೇಗಿಲು ಹೋಗುತ್ತೆ, ಅಲ್ಲಿ ದನ ಮೇಯಿಸುವವರ ಜೊತೆ ಜಗಳ ಶುರುವಾಗುತ್ತೆ.

ಇನ್ನು ಪಾಲು. ತಂದೆಗೆ ನಾಲ್ಕು ಹೆಕ್ಟೇರ್ ಇತ್ತು ಅನ್ನಿ, ನಾಲ್ಕು ಮಕ್ಕಳು, ಒಬ್ಬೊಬ್ಬರಿಗೂ ಒಂದು. ಅವರಿಗೂ ನಾಲ್ಕು ನಾಲ್ಕು ಮಕ್ಕಳಾದರೆ ಮೊಮ್ಮಗನಿಗೆ ಕಾಲು ಹೆಕ್ಟೇರ್. ಇಲ್ಲಿ ಒಂದು ತಿರುವು ಇದೆ. ಸಣ್ಣ ಹಿಡುವಳಿಯಲ್ಲಿ ಎಷ್ಟೋ ಸಲ ಹೆಕ್ಟೇರ್ ಲೆಕ್ಕದ ಇಳುವರಿ ದೊಡ್ಡದಕ್ಕಿಂತ ಚೆನ್ನಾಗಿಯೇ ಇರುತ್ತೆ, ಮನೆಮಂದಿಯೆಲ್ಲ ಮೈಬಗ್ಗಿಸಿ ದುಡಿಯುತ್ತಾರಲ್ಲ. ದೇಶದ ಒಟ್ಟು ಲೆಕ್ಕದಲ್ಲಿ ಏನೂ ಕೊರತೆ ಕಾಣಿಸುವುದೇ ಇಲ್ಲ. ಆದರೆ ಕಾಲು ಹೆಕ್ಟೇರಿನವನಿಗೆ ಮಾರೋಕೆ ಏನೂ ಉಳಿಯುವುದಿಲ್ಲ. ವರ್ಷದ ಕೊನೆಯ ಮೂರು ನಾಲ್ಕು ತಿಂಗಳು ಅವನೇ ಕೊಂಡು ತಿನ್ನಬೇಕು, ಅದೂ ಬೆಲೆ ಜಾಸ್ತಿ ಇರುವ ಕಾಲದಲ್ಲಿ. ಕೂಲಿಗೆ ಹೋದರೆ ಅವನ ಹಾಗೇ ಭೂಮಿ ಸಾಲದ ನೂರು ಜನ ಬಂದು ನಿಂತಿರುತ್ತಾರೆ, ಕೂಲಿ ಇಳಿಯುತ್ತದೆ. ಬಂಗಾಳದಲ್ಲಿ ಸತ್ತವರು ಇಂಥವರೇ ಅಲ್ವಾ? ಜನಸಂಖ್ಯೆಯ ಪೆಟ್ಟು ಬೀಳುವ ಜಾಗ ಇದು. ರಾಜಧಾನಿಯಲ್ಲಿ ಕೂತು ಒಟ್ಟು ಧಾನ್ಯವನ್ನು ಒಟ್ಟು ಜನರಿಂದ ಭಾಗಿಸುವವರಿಗೆ ಅದು ಕಾಣುವುದಿಲ್ಲ. (ಸರಾಸರಿ ಅನ್ನೋದು ಯಾರ ಹೊಟ್ಟೆಯನ್ನೂ ತುಂಬಿಸಿದ್ದನ್ನು ನಾನು ಕಂಡಿಲ್ಲ.)

ಇದರ ಜೊತೆಗೆ ನೈಜರ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ 15 ವರ್ಷದೊಳಗಿನವರು. ಉಣ್ಣುವವರು ಹೆಚ್ಚು, ದುಡಿಯುವ ಕೈ ಕಡಿಮೆ. ಉಳಿತಾಯ ಎಲ್ಲಿಂದ ಬರಬೇಕು?

ಪ್ರಶ್ನೆ: ಬೆಳೆಯೋಕಾಗದಿದ್ದರೆ ಹೊರಗಿನಿಂದ ತರಿಸಿಕೊಂಡರೆ ಆಯಿತಲ್ಲ?

ದುಡ್ಡಿದ್ದರೆ ಧಾರಾಳವಾಗಿ. ಜಪಾನ್ ತನ್ನ ಆಹಾರದ ದೊಡ್ಡ ಪಾಲನ್ನು ಕೊಂಡೇ ತಿನ್ನುತ್ತದೆ, ಅಲ್ಲಿ ಯಾರೂ ಬರ ಅಂತ ಕೂಗುವುದಿಲ್ಲ. ಕಾರು, ಯಂತ್ರ ಮಾರುತ್ತದೆ, ಗೋಧಿ ಕೊಳ್ಳುತ್ತದೆ.

ಈಜಿಪ್ಟ್ ಕಥೆ ಬೇರೆ. 10 ಕೋಟಿಗೂ ಹೆಚ್ಚು ಜನ, ಅವರಲ್ಲಿ ಬಹುತೇಕ ಎಲ್ಲರೂ ನೈಲ್ ನದಿಯ ಉದ್ದಕ್ಕೂ ದೇಶದ ಶೇ. 5ರಷ್ಟು ನೆಲದಲ್ಲಿ ಒತ್ತಾಗಿದ್ದಾರೆ. ಜಗತ್ತಿನಲ್ಲೇ ಅತಿ ಹೆಚ್ಚು ಗೋಧಿ ಕೊಳ್ಳುವ ದೇಶಗಳಲ್ಲಿ ಅದೂ ಒಂದು, ಕೊಳ್ಳುತ್ತಿದ್ದದ್ದು ಹೆಚ್ಚಾಗಿ ರಷ್ಯಾ ಮತ್ತು ಉಕ್ರೇನ್‌ನಿಂದ. 2022ರ ಫೆಬ್ರವರಿಯಲ್ಲಿ ಅವೆರಡರ ನಡುವೆಯೇ ಯುದ್ಧ ಶುರುವಾಯಿತು. ಮಾರ್ಚ್‌ನಲ್ಲಿ ಜಗತ್ತಿನ ಆಹಾರ ಬೆಲೆ ಸೂಚ್ಯಂಕ ದಾಖಲೆ ಮುಟ್ಟಿತು, ಅತ್ತ ಈಜಿಪ್ಟ್‌ನ ನಾಣ್ಯದ ಬೆಲೆಯೂ ಬಿತ್ತು. ದುಬಾರಿ ಗೋಧಿ, ಅದಕ್ಕೆ ಕೊಡಬೇಕಾದ ಡಾಲರೂ ದುಬಾರಿ. 2007-08ರಲ್ಲಿ ಇನ್ನೊಂದು ತಮಾಷೆ ಆಗಿತ್ತು: ಬೆಲೆ ಏರಿದ ತಕ್ಷಣ ಅಕ್ಕಿ ಮಾರುವ ಕೆಲವು ದೇಶಗಳೇ ರಫ್ತು ನಿಲ್ಲಿಸಿದವು, ಅದರಿಂದ ಬೆಲೆ ಇನ್ನಷ್ಟು ಏರಿತು. ಕಷ್ಟ ಬಂದಾಗಲೇ ಬಾಗಿಲು ಹಾಕುವ ಅಂಗಡಿ ಅದು.

ಪ್ರಶ್ನೆ: ಬಡ ದೇಶಗಳ ಮಕ್ಕಳ ತಲೆ ಎಣಿಸುವವರು ಶ್ರೀಮಂತ ದೇಶಗಳ ತಟ್ಟೆ ಯಾಕೆ ನೋಡುವುದಿಲ್ಲ?

ನೋಡಬೇಕು. ಜಗತ್ತಿನ ಬೆಳೆಗಳ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ದನ, ಹಂದಿ, ಕೋಳಿಗೆ ಮೇವಾಗಿ ಹೋಗುತ್ತದೆ. ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಇಥನಾಲ್, ಅಂದರೆ ವಾಹನದ ಇಂಧನ, ಆಗುತ್ತದೆ. 2022ರಲ್ಲಿ ಜಗತ್ತಿನಾದ್ಯಂತ ಮನೆ, ಹೋಟೆಲ್, ಅಂಗಡಿಗಳಲ್ಲಿ ಚೆಲ್ಲಿದ ಆಹಾರ 105 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಲೆಕ್ಕ ಹಾಕಿದೆ. ನಾಚಿಕೆಗೇಡು, ನಿಜ. ಆದರೆ ಅಲ್ಲಿ ಚೆಲ್ಲದೆ ಉಳಿಸಿದ್ದು ಇಲ್ಲಿಯ ಕಾಲು ಹೆಕ್ಟೇರಿನವನ ಮನೆಗೆ ತಾನಾಗಿ ನಡೆದು ಬರುವುದಿಲ್ಲ. ಬಡ ದೇಶದಲ್ಲಿ ಕಾಳು ಹಾಳಾಗುವುದು ತಟ್ಟೆಗೆ ಬರುವ ಮೊದಲು: ಒಣಗಿಸಲು ಜಾಗವಿಲ್ಲ, ಹುಳ ಹಿಡಿಯುತ್ತದೆ, ಇಲಿ ತಿನ್ನುತ್ತದೆ, ಲಾರಿ ಹೋಗುವ ದಾರಿಯಿಲ್ಲ. ಗಾಳಿಯಾಡದ ಒಂದು ಒಳ್ಳೆಯ ಚೀಲ ಸಿಕ್ಕರೆ ಅವನಿಗೆ ನಿಮ್ಮ ಸಿಟ್ಟಿಗಿಂತ, ನನ್ನ ಅಂಕಣಕ್ಕಿಂತ ಹೆಚ್ಚು ಉಪಯೋಗ.

ಪ್ರಶ್ನೆ: ಕಾನೂನು ಮಾಡಿ ಮಕ್ಕಳನ್ನು ಮಿತಿಗೊಳಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನನ್ನ ಅಭಿಪ್ರಾಯ.

ಇದು ಪ್ರಶ್ನೆಯಲ್ಲ, ಆದರೂ ಉತ್ತರಿಸುತ್ತೇನೆ. 1970ರ ದಶಕದ ಆರಂಭದಲ್ಲಿ ಬಾಂಗ್ಲಾದೇಶದ ಹೆಂಗಸರಿಗೆ ಸರಾಸರಿ ಆರೇಳು ಮಕ್ಕಳು. ಈಗ ಎರಡರ ಆಸುಪಾಸು. ಇಷ್ಟೇ ಮಕ್ಕಳು ಅಂತ ಅಲ್ಲಿ ಕಾನೂನು ಮಾಡಲಿಲ್ಲ. ಹಳ್ಳಿಯ ಹೆಂಗಸರನ್ನೇ ಕಾರ್ಯಕರ್ತೆಯರನ್ನಾಗಿ ಮಾಡಿ ಮನೆಮನೆಗೆ ಕಳಿಸಿದರು, ಗರ್ಭನಿರೋಧಕ ಬಾಗಿಲಿಗೇ ಬಂತು. ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದರೆ ಹಣ ಕೊಡುವ ಯೋಜನೆ ಬಂತು. ಇರಾನ್‌ನಲ್ಲೂ 1980ರ ದಶಕದಿಂದ 2000ದ ಹೊತ್ತಿಗೆ ಹೆಚ್ಚುಕಡಿಮೆ ಇಂಥದ್ದೇ ಇಳಿತ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಹಸಿವೇ ಜನಸಂಖ್ಯೆಯನ್ನು ಹೆಚ್ಚಿಸುತ್ತೆ. ಹುಟ್ಟಿದ ಐವರಲ್ಲಿ ಇಬ್ಬರು ಉಳಿಯುತ್ತಾರೋ ಇಲ್ಲವೋ ಎಂಬ ಭಯ ಇರುವ ಮನೆಯಲ್ಲಿ ಇಬ್ಬರಿಗೇ ಯಾರು ನಿಲ್ಲಿಸುತ್ತಾರೆ? ಮಕ್ಕಳು ಬದುಕಿ ಉಳಿಯತೊಡಗಿದ ಮೇಲೆ, ತಾಯಂದಿರು ಓದಿಕೊಂಡ ಮೇಲೆ ಜನನ ತಾನಾಗಿ ಇಳಿಯುತ್ತದೆ. 1970ರಿಂದ 1995ರವರೆಗೆ 63 ಬಡ ದೇಶಗಳಲ್ಲಿ ಮಕ್ಕಳ ಅಪೌಷ್ಟಿಕತೆ ಇಳಿದದ್ದಕ್ಕೆ ಕಾರಣ ಹುಡುಕಿದ ಒಂದು ಅಧ್ಯಯನದಲ್ಲಿ ಶೇ. 43ರಷ್ಟು ಪಾಲು ಹೆಂಗಸರ ಓದಿಗೆ ಸಂದಿತು. ಹೆಚ್ಚಿದ ಆಹಾರದ ಪಾಲು ಅದಕ್ಕಿಂತ ಕಡಿಮೆ.

ಕಾನೂನಿನಿಂದ ನಾಳೆಯೇ ಜನನ ಇಳಿದರೂ ಈಗಾಗಲೇ ಹುಟ್ಟಿರುವ ಹುಡುಗ ಹುಡುಗಿಯರು ಬೆಳೆದು ಸಂಸಾರ ಹೂಡುತ್ತಾರೆ, ದಂಪತಿಗೆ ಎರಡೇ ಮಕ್ಕಳಾದರೂ ಒಟ್ಟು ಸಂಖ್ಯೆ ಹಲವು ದಶಕ ಏರುತ್ತಲೇ ಇರುತ್ತೆ. ಅವರಿಗೆ ಊಟ ಬೇಕು, ಅದು ಹೊಲದಿಂದಲೇ ಬರಬೇಕು. ಅದೇ ನೈಜರ್‌ನಲ್ಲಿ 1980ರ ದಶಕದಿಂದ ರೈತರು ಒಂದು ಕೆಲಸ ಮಾಡಿದರು: ಹೊಲದಲ್ಲಿ ಕಡಿದ ಮರದ ಬೊಡ್ಡೆಗಳಿಂದ ಚಿಗುರುವ ಕುಡಿಗಳನ್ನು ಕಿತ್ತೆಸೆಯದೆ ಸವರಿ ಬೆಳೆಸಿದರು. ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಮರಳಿತು, ಗಾಳಿಗೆ ಮರಳು ಹಾರುವುದು ಕಡಿಮೆಯಾಯಿತು, ಇಳುವರಿ ಸುಧಾರಿಸಿತು. ಸಸಿ ನೆಡುವ ಖರ್ಚೇ ಇಲ್ಲ.

ಪ್ರಶ್ನೆ: ಈ ಏರಿಕೆ ಯಾವತ್ತಾದರೂ ನಿಲ್ಲುತ್ತಾ?

ನಿಲ್ಲುತ್ತೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 2080ರ ದಶಕದ ಮಧ್ಯದಲ್ಲಿ ಸುಮಾರು 1,030 ಕೋಟಿ ಮುಟ್ಟಿ ಆಮೇಲೆ ಮೆಲ್ಲಗೆ ಇಳಿಯುತ್ತೆ. ಅಲ್ಲಿಯವರೆಗೆ ಸೇರುವವರಲ್ಲಿ ಹೆಚ್ಚಿನವರು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ. ಅಲ್ಲಿ ಇವತ್ತು ಹೆಕ್ಟೇರ್‌ಗೆ ಸಿಗುವ ಧಾನ್ಯ ಎರಡು ಟನ್ನೂ ಇಲ್ಲ, ಜಗತ್ತಿನ ಸರಾಸರಿ ನಾಲ್ಕು ಟನ್. ಅಂದರೆ ಇಳುವರಿ ಹೆಚ್ಚಿಸೋಕೆ ಅವಕಾಶ ಇನ್ನೂ ಇದೆ, ಕಾಡು ಕಡಿಯದೆಯೇ. ಆದರೆ ಬೇಸಾಯ ಬಹುಪಾಲು ಮಳೆ ನಂಬಿದ್ದು, ಮಳೆ ಈಗ ಹೇಳಿದ ಮಾತು ಕೇಳುತ್ತಿಲ್ಲ.

ಪ್ರಶ್ನೆ: ಮುಂದೆ ಎಲ್ಲರೂ ಊಟದ ಬದಲು ಮಾತ್ರೆ ನುಂಗಿ ಬದುಕುತ್ತಾರಂತೆ, ನಿಜಾನಾ?

ಲೆಕ್ಕ ಹಾಕಿ ನೋಡಿ. ದಿನಕ್ಕೆ 2,000 ಕ್ಯಾಲೊರಿ ಬೇಕು. ಆಹಾರದಲ್ಲಿ ಅತಿ ಹೆಚ್ಚು ಶಕ್ತಿ ಇರುವುದು ಕೊಬ್ಬಿನಲ್ಲಿ, ಗ್ರಾಂಗೆ 9 ಕ್ಯಾಲೊರಿ. ಬರೀ ಕೊಬ್ಬನ್ನೇ ಅರ್ಧ ಗ್ರಾಂನ ಮಾತ್ರೆ ಮಾಡಿದರೂ ದಿನಕ್ಕೆ 440ಕ್ಕಿಂತ ಹೆಚ್ಚು ನುಂಗಬೇಕು. ನೀರು ಎಷ್ಟು ಬೇಕಾಗುತ್ತೆ ಅನ್ನುವುದನ್ನು ನೀವೇ ಲೆಕ್ಕ ಹಾಕಿ.